ಶುಭಾಂಗಿ ಗಾಡಿ ನೋಡಿದ್ದು

ಚಿಕ್ಕೋಡಿ
10 ಜೂನ್ 2024

ಶುಭಾಂಗಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎಂದು ನಿನಗೆ ಅನಿಸೀತು. ನೀನು ಅವ್ವನಿಗೆ ಫೋನು ಮಾಡಿದಾಗಲೆಲ್ಲ ಅವಳು ಅದನ್ನು ನನ್ನ ಕಡೆ ಚಾಚುತ್ತಾಳೆ, ನಾನು ಕೈಯಾಡಿಸಿ ಗ್ಯಾರೇಜಿಗೆ ಹೋಗಿಬಿಡುತ್ತೇನೆ. ಅದಕ್ಕೆ ಕಾರಣ ನೀನು ತಿಳಿದಿರುವುದಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಿನ್ನೆ ಊಟಕ್ಕೆ ಕೂತಾಗ ಅವ್ವ ಹೇಳಿದಳು, "ಶುಭಾ ಮೋಟರಸೈಕಲ್ ತಗೋತಾಳಂತ. ನೋಡಾಕ ಹಳೇ ಬುಲೆಟ್ ಇದ್ದಂಗ ಐತಂತ, ಆದ್ರ ಹೊಸಾದಂತ."

ನೀನು ಕೊಲ್ಲಾಪುರದ ಈ ತುದಿಯ ಕಳಂಬೆಯಿಂದ ಆ ತುದಿಯ ಶಿರೋಳಿಯ ಫೌಂಡ್ರಿಗೆ ದಿನಾಲು ಊರು ದಾಟಿ ಹೋಗುವವಳು. ಎರಡು ಸಿಟಿ ಬಸ್ಸು, ಮೇಲೊಂದು ಶೇರ್ ರಿಕ್ಷಾ. ಗಾಡಿ ಬೇಕು, ಅದು ಸರಿ. ಆದರೆ ದುಂಡನೆಯ ದೀಪ, ಸೈಲೆನ್ಸರಿನ ಹೊಳಪು ನೋಡಿ ಮರುಳಾಗಬೇಡ. ಮುನ್ನೂರೈವತ್ತು ಸಿಸಿಯ ಗಾಡಿ ಓಡುವಾಗ ಹಗುರ, ಸಿಗ್ನಲ್ಲಿನಲ್ಲಿ ನಿಂತಾಗ ಅದರ ತೂಕ ಗೊತ್ತಾಗುತ್ತದೆ. ಮೂವತ್ತೆರಡು ವರ್ಷ ಗಾಡಿ ಬಿಚ್ಚಿದವನು ಹೇಳುತ್ತಿದ್ದೇನೆ. ಮೇಲೆ ಕೂತರೆ ಹಿಮ್ಮಡಿ ನೆಲ ಮುಟ್ಟುತ್ತದೆಯೇ? ಎಂಜಿನ್ನಿನ ಬಿಸಿ ಕಾಲಿಗೆ ತಾಗುತ್ತದೆಯೇ? ಸಣ್ಣ ಓಣಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆಯೇ? ನೋಡಿ ತಿಳಿಸು. ತಿಳಿಸದಿದ್ದರೂ ನೋಡಿಕೋ.

ಅವ್ವ ಆರಾಮ ಇದ್ದಾಳೆ. ಮಳೆ ಇನ್ನೂ ಹಿಡಿದಿಲ್ಲ.

ನಿನ್ನ ಅಪ್ಪ,
ಜ್ಞಾನದೇವ

ಕೊಲ್ಲಾಪುರ
24 ಜೂನ್ 2024

ಅಪ್ಪಾ,

ನಿಮ್ಮ ಪತ್ರ ಬಂತು. ಲಕೋಟೆಯ ಮೇಲೆ ಗ್ರೀಸಿನ ಬೆರಳಚ್ಚು ಇತ್ತು. ಒಡೆಯುವ ಮೊದಲೇ ಯಾರದೆಂದು ತಿಳಿಯಿತು.

ಕೇಳಿದ್ದಕ್ಕೆ ಉತ್ತರ. ಎರಡೂ ಮುಂಗಾಲು ಊರುತ್ತವೆ, ಹಿಮ್ಮಡಿ ಊರುವುದಿಲ್ಲ. ಒಂದು ಪಾದ ಪೂರ್ತಿ ಊರಬೇಕಾದರೆ ಗಾಡಿಯನ್ನು ಆ ಕಡೆ ತುಸು ವಾಲಿಸಬೇಕು. ತೂಕ ನೂರಾ ಎಂಬತ್ತು ಕಿಲೋ. ಬಿಸಿ, ತಿರುವು ಇವೆಲ್ಲ ಹತ್ತು ನಿಮಿಷದ ಸುತ್ತಿನಲ್ಲಿ ಗೊತ್ತಾಗಲಿಲ್ಲ.

ಅವ್ವ ಹೊಸದೆಂದು ಹೇಳಿದ್ದು ತಪ್ಪು, ಇದು ಎರಡು ವರ್ಷ ಓಡಿದ್ದು. ನನ್ನ ಜೊತೆ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡುವ ನೀಲಮಳ ಗಂಡ ಸುರಜನ ಗಾಡಿ. ನೀಲಮ ನಮ್ಮ ಕಡೆಯವಳೇ, ನಿಪ್ಪಾಣಿ ಹತ್ತಿರದ ಭೋಜದವಳು. ಸುರಜನಿಗೆ ನಾಶಿಕಕ್ಕೆ ಬದಲಿಯಾಗಿದೆ, ಕಾರು ತೆಗೆದುಕೊಂಡಿದ್ದಾನೆ. "ಒಂದೆರಡ ತಿಂಗಳ ನೀನ ಇಟ್ಕೊಂಡ ಹೊಡದ ನೋಡ, ಆಮ್ಯಾಲ ಹೇಳ" ಎಂದಿದ್ದಾಳೆ ನೀಲಮ. ಒಂದನೇ ತಾರೀಕಿನಿಂದ ಗಾಡಿ ನನ್ನ ಹತ್ತಿರ ಇರುತ್ತದೆ.

ಒಂದು ಮಾತು ಕೇಳಬೇಕು. ಯಂತ್ರದ ವಿಷಯವನ್ನು ನನ್ನನ್ನು ಯಾಕೆ ಕೇಳುತ್ತಿದ್ದೀರಿ? ಡಿಪ್ಲೊಮಾ ಮುಗಿಸಿ ಬಂದ ವರ್ಷ ಮುಗಳಖೋಡದ ಭರಮು ಕಾಕಾನ ಗಾಡಿಯ ಕ್ಲಚ್ಚನ್ನು ನಾನೊಬ್ಬಳೇ ಬಿಚ್ಚಿ ಜೋಡಿಸಿದೆ. ಅವರು ಬಂದು, ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. "ಏನ ಜ್ಞಾನದೇವ, ಹುಡುಗಿ ಕೈಲೆ ಕ್ಲಚ್ ಬಿಚ್ಚಿಸೇದಿ?" ಎಂದು ನಕ್ಕರು. ಐದಾರು ಗಿರಾಕಿಗಳು ನಿಂತಿದ್ದರು. ನೀವು ನನ್ನ ಮುಖ ನೋಡಲಿಲ್ಲ. "ಏಳ, ಒಳಗ ಹೋಗ. ಲಖನ, ನೀ ಇನ್ನೊಮ್ಮೆ ಬಿಚ್ಚ" ಎಂದಿರಿ. ದೊಡ್ಡಪ್ಪನ ಮಗ ಲಖನ ಕೆಲಸ ಕಲಿಯಲು ಬಂದು ಆಗ ಮೂರು ತಿಂಗಳಾಗಿತ್ತು. ನಾನು ಹತ್ತು ವರ್ಷದಿಂದ ಶಾಲೆ ಬಿಟ್ಟ ಕೂಡಲೇ ನಿಮ್ಮ ಹತ್ತಿರ ಬಂದು ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಟ್ಟವಳು.

ಅದೇ ವಾರ ನಾನು ಇಲ್ಲಿಗೆ ಬಂದೆ. ಉಳಿದದ್ದು ನಿಮಗೆ ಗೊತ್ತು.

ಶುಭಾಂಗಿ

ಚಿಕ್ಕೋಡಿ
2 ಜುಲೈ 2024

ಶುಭಾಂಗಿ,

ನಿನ್ನ ಪ್ರಶ್ನೆಗೆ ಎರಡು ಸಲ ಉತ್ತರ ಬರೆದೆ, ಎರಡೂ ಸಲ ಹರಿದೆ. ಇದು ಮೂರನೆಯದು, ಇದರಲ್ಲಿಯೂ ಆ ಉತ್ತರ ಇಲ್ಲ. ಆದರೆ ಫೋನಿನ ಕಾರಣ ಬರೆಯುತ್ತೇನೆ.

ನನ್ನ ಕಿವಿ ಹೋಗಿವೆ. ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಹೆಂಗಸರ ದನಿ. ಈಗ ಅವ್ವ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ. ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಗಿರಾಕಿಗಳಿಗೆ ಹೇಳಿಲ್ಲ. ಅವರು ಗಾಡಿ ಚಾಲೂ ಮಾಡಿ, "ಕೇಳ್ರಿ, ಹೆಂಗ ಸಪ್ಪಳಾ ಮಾಡತೈತಿ" ಎನ್ನುತ್ತಾರೆ. ನಾನು ತಲೆಯಾಡಿಸಿ ಎಂಜಿನ್ನಿನ ಮೇಲೆ ಅಂಗೈ ಇಡುತ್ತೇನೆ. ಕೈಗೆ ತಿಳಿದಷ್ಟು ತಿಳಿಯಿತು. ಲಖನ ಹೋದ ವರ್ಷ ಅಥಣಿ ಕಡೆ ಸಕ್ಕರೆ ಕಾರಖಾನೆಗೆ ಸೇರಿದ. ಈಗ ಮಧ್ಯಾಹ್ನದ ಮೇಲೆ ಗ್ಯಾರೇಜು ಮುಚ್ಚಿರುತ್ತದೆ.

ಹಾಗಾಗಿ ಒಂದು ಕೆಲಸ ಮಾಡು. ಗಾಡಿಯನ್ನು ಪರೀಕ್ಷೆ ಮಾಡಬೇಕೆಂದು ಬೇರೆ ಎಲ್ಲಿಗೂ ಒಯ್ಯಬೇಡ. ಕೆಲಸಕ್ಕೆ ಹೋಗು, ಕಾಯಿಪಲ್ಯೆ ತಾ, ಮಳೆಯಲ್ಲಿ ಹೊರಗೆ ನಿಲ್ಲಿಸಿ ಬೆಳಿಗ್ಗೆ ಚಾಲೂ ಮಾಡು. ಗಾಡಿಯ ಗುಣ ದಿನದ ಕೆಲಸದಲ್ಲಿ ತಿಳಿಯುತ್ತದೆ. ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆ.

ಅಪ್ಪ

ಕೊಲ್ಲಾಪುರ
21 ಜುಲೈ 2024

ಅಪ್ಪಾ,

ನಿಮ್ಮ ಕಿವಿಯ ಸುದ್ದಿ ಓದಿ ಆ ದಿನವೇ ಅವ್ವನಿಗೆ ಫೋನು ಮಾಡಿದೆ. "ಯಾರಿಗೂ ಹೇಳಬ್ಯಾಡ ಅಂದಿದ್ರು" ಎಂದಳು. ನಾನೂ ಆ "ಯಾರಿಗೂ" ಎಂಬುದರಲ್ಲಿ ಸೇರಿದ್ದೆನೆಂದು ತಿಳಿದಿರಲಿಲ್ಲ.

ಗಾಡಿ ಬಂದು ಇಪ್ಪತ್ತು ದಿನ ಆಯಿತು. ಹೋಗಿ ಬರಲು ದಿನಕ್ಕೆ ಇಪ್ಪತ್ತಾರು ಕಿಲೋಮೀಟರು. ಬಸ್ಸಿಗೆ ಒಂದೂಕಾಲು ತಾಸು ಹಿಡಿಯುತ್ತಿತ್ತು, ಈಗ ನಲವತ್ತು ನಿಮಿಷ. ಬೆಳಿಗ್ಗೆ ಕೂತು ಚಹಾ ಕುಡಿಯುವುದನ್ನು ನಾಲ್ಕು ವರ್ಷದ ಮೇಲೆ ಮತ್ತೆ ಕಲಿತಿದ್ದೇನೆ.

ದಸರಾ ಚೌಕದಿಂದ ಕಾವಳಾ ನಾಕಾದವರೆಗೆ ಗಾಡಿಗಳು ಒಂದಕ್ಕೊಂದು ಹತ್ತಿಕೊಂಡೇ ಸಾಗುತ್ತವೆ. ಅಷ್ಟರಲ್ಲಿ ಬಲ ಮೊಣಕಾಲಿನ ಕೆಳಗೆ ಬಿಸಿ ತಾಗುತ್ತದೆ. ಸುಡುವುದಿಲ್ಲ, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಂತೆ. ಮಳೆಗಾಲದಲ್ಲಿ ಹಿತ, ಏಪ್ರಿಲಿನಲ್ಲಿ ಹಿತವಾಗಲಾರದು. ಮೊದಲ ವಾರ ಕ್ಲಚ್ ಹಿಡಿದು ಎಡ ಮಣಿಕಟ್ಟು ಎಷ್ಟು ನೋಯಿತೆಂದರೆ ಚಪಾತಿ ಲಟ್ಟಿಸಲಾಗಲಿಲ್ಲ. ಈಗ ನೋವಿಲ್ಲ. ಎರಡನೇ ಗೇರಿನಲ್ಲಿ ನಡೆಯುವವರ ಜೊತೆ ಸಾಗಿದರೂ ಎಂಜಿನ್ ತಡವರಿಸುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ಪೆಟ್ರೋಲು ಲೀಟರಿಗೆ ಮೂವತ್ತನಾಲ್ಕು ಕಿಲೋಮೀಟರು. ಹಿಂದಿನ ಶಾಕಪ್ಪಿನ ಸ್ಪ್ರಿಂಗುಗಳು ಬಿರುಸು, ತಗ್ಗು ಕಂಡಲ್ಲೆಲ್ಲ ಎದ್ದು ನಿಲ್ಲುತ್ತೇನೆ. ನಮ್ಮ ಓಣಿಯಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಮೂರು ಸಲ ಹಿಂದೆ ಮುಂದೆ ಮಾಡಬೇಕು.

ಒಂದು ಸಲ ಬಿದ್ದೆ. ಅವ್ವನಿಗೆ ಹೇಳಬೇಡಿ. ಓಡುವಾಗಲ್ಲ, ನಿಂತಲ್ಲೇ. ಸಿಗ್ನಲ್ಲಿನಲ್ಲಿ ಕಾಲಿಟ್ಟ ಕಡೆ ತಗ್ಗಿತ್ತು, ಗಾಡಿ ಆ ಕಡೆ ವಾಲಿತು, ಹಿಡಿಯಲಾಗಲಿಲ್ಲ. ಇಬ್ಬರು ಬಂದು ಎತ್ತಿಕೊಟ್ಟರು. ಒಬ್ಬಾತ ಒಳ್ಳೆಯ ಮನಸ್ಸಿನಿಂದಲೇ, "ತಾಈ, ತುಮ್ಹಿ ಸ್ಕೂಟೀ ಘ್ಯಾ" ಎಂದ, ಅಕ್ಕಾ ನೀವು ಸ್ಕೂಟಿ ತಗೊಳ್ಳಿ ಎಂದು. ಮರುದಿನ ನೀಲಮಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಿದ್ದ ಗಾಡಿಯನ್ನು ಒಬ್ಬಳೇ ಎತ್ತುವುದನ್ನು ಕಲಿತೆ. ಬೆನ್ನು ಸೀಟಿಗೆ ಕೊಟ್ಟು, ಕಾಲಿನ ಬಲದಿಂದ ಹಿಮ್ಮುಖವಾಗಿ ನೂಕಬೇಕು. ಆರು ಸಲ ಎತ್ತಿದೆ.

ಸ್ಕೂಟರ್ ಯಾಕೆ ಬೇಡ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಸ್ಕೂಟರ್ ಹಗುರ, ಅಗ್ಗ, ಓಣಿಯಲ್ಲಿ ತಿರುಗುತ್ತದೆ. ಆದರೆ ಅದರ ಯಂತ್ರವೆಲ್ಲ ಪ್ಲಾಸ್ಟಿಕ್ಕಿನ ಹಿಂದೆ. ಈ ಗಾಡಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ನನಗೆ ಬಿಚ್ಚಿ ಜೋಡಿಸಬಹುದಾದ ಗಾಡಿ ಬೇಕು.

ಇನ್ನು ಕೇಳಿಸಿದ್ದು. ವೇಗ ತಗ್ಗಿಸಿ ಮತ್ತೆ ರೇಸ್ ಕೊಟ್ಟಾಗ ಪ್ರತಿ ಸಲವೂ ಹಿಂದಿನಿಂದ "ಧಡ್" ಎನ್ನುತ್ತದೆ. ಮುಚ್ಚಿದ ಬಾಗಿಲಿಗೆ ಯಾರೋ ಭುಜ ಕೊಟ್ಟಂತೆ. ಪಾದಕ್ಕೂ ತಿಳಿಯುತ್ತದೆ. ಸುರಜನ ಮೇಸ್ತ್ರಿ ಚೈನು ಸಡಿಲಾಗಿದೆ ಎಂದು ಬಿಗಿ ಮಾಡಿದ. ಸದ್ದು ಹೋಗಲಿಲ್ಲ.

ಶುಭಾಂಗಿ

ಚಿಕ್ಕೋಡಿ
27 ಜುಲೈ 2024

ಶುಭಾಂಗಿ,

ಚೈನು ಬಿಗಿ ಮಾಡಿದ ಮೇಲೂ ಸದ್ದು ಇದೆ ಎಂದರೆ ಗೇರ್‌ಬಾಕ್ಸಿನ ಹಲ್ಲು ಹೋಗಿರಬೇಕು. ಟ್ರಾಫಿಕ್ಕಿನಲ್ಲಿ ಎಳೆದೆಳೆದು ಓಡಿಸಿದ ಗಾಡಿಗಳಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಎಂಜಿನ್ ಇಳಿಸಬೇಕಾಗುತ್ತದೆ. ಹೆದ್ದಾರಿಯಲ್ಲಿ ಹಲ್ಲು ಮುರಿದು ಸಿಕ್ಕಿಕೊಂಡರೆ ಗಾಲಿಯೇ ನಿಂತುಬಿಡುತ್ತದೆ, ಹಿಂದೆ ಟ್ರಕ್ಕು ಇರುತ್ತದೆ. ಗಾಡಿ ತಿರುಗಿ ಕೊಟ್ಟುಬಿಡು. ನೀಲಮಳಿಗೆ ಬೇಸರವಾದರೆ ಆಗಲಿ.

ನನ್ನ ಮಾತು ಕೇಳು. ಈ ಒಂದು ವಿಷಯದಲ್ಲಾದರೂ ಕೇಳು.

ಅಪ್ಪ

ಕೊಲ್ಲಾಪುರ
18 ಆಗಸ್ಟ್ 2024

ಅಪ್ಪಾ,

ಗೇರ್‌ಬಾಕ್ಸ್ ಅಲ್ಲ.

ನಿನ್ನ ಪತ್ರ ಓದಿ ಎರಡು ದಿನ ಮತ್ತೆ ಬಸ್ಸು ಹತ್ತಿದೆ. ಟ್ರಕ್ಕಿನ ಮಾತು ಬರೆದಿದ್ದೆಯಲ್ಲ, ಹೆದರಿಕೆಯಾಯಿತು. ಎರಡನೇ ದಿನ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದೆ. ಒಂದು ಗೇರಿನ ಹಲ್ಲು ಹೋದರೆ ಆ ಗೇರಿನಲ್ಲಿ ಮಾತ್ರ ಸದ್ದು ಬರಬೇಕು. ಇದು ಐದರಲ್ಲೂ ಬರುತ್ತದೆ. ಮನೆಗೆ ಬಂದು ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಒಂದು ಕೈಯಲ್ಲಿ ಚೈನಿನ ಚಕ್ರ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಹಿಂದಿನ ಗಾಲಿ ತಿರುಗಿಸಿದೆ. ಚಕ್ರ ನಿಂತೇ ಇತ್ತು, ಗಾಲಿ ಎರಡು ಬೆರಳಷ್ಟು ಅತ್ತಿತ್ತ ಆಡಿತು. ಆಡಬಾರದು.

ನೀಲಮಳನ್ನು ಕೇಳಿದೆ. "ಬಿಚ್ಚ, ಮತ್ತ ಸರಿಯಾಗಿ ಕೂಡಿಸಿದ್ರ ಸಾಕ" ಎಂದಳು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಲಿ ಇಳಿಸಿದೆ. ಮನೆಯ ಒಡತಿ ಲಕ್ಷ್ಮಿಬಾಯಿ ಪೂಜೆ ಮುಗಿಸಿ ಬಂದವರು ಅರ್ಧ ತಾಸು ಗಾಲಿ ಹಿಡಿದು ನಿಂತರು. ಗಾಲಿಯ ನಡುವೆ ಚೈನಿನ ಎಳೆತ ತಡೆಯಲು ರಬ್ಬರಿನ ತುಂಡುಗಳಿರುತ್ತವಲ್ಲ, ಅವು ಒಣ ಅಂಜೂರದ ಹಾಗೆ ಅಪ್ಪಚ್ಚಿಯಾಗಿದ್ದವು. ಒಂದಂತೂ ಎರಡು ಹೋಳು. ಹೊಸವು ಊರಲ್ಲೇ ಸಿಕ್ಕವು. ಕೂಡಿಸಿ, ಚೈನು ಸರಿಮಾಡಿ, ಬ್ರೇಕ್ ನೋಡಿ, ಆಮೇಲೆ ಓಣಿಯಲ್ಲಿ ನಾಲ್ಕು ಸುತ್ತು ಹೊಡೆದೆ.

ಸೋಮವಾರ ಕಳಂಬೆಯಿಂದ ಶಿರೋಳಿಯವರೆಗೆ ಒಂದೇ ಒಂದು "ಧಡ್" ಇಲ್ಲ. ತಾವಡೆ ಹೋಟೆಲಿನ ಸಿಗ್ನಲ್ಲು ದಾಟಿ ಬೇಕೆಂದೇ ಎರಡು ಸಲ ರೇಸ್ ಬಿಟ್ಟು ಕೊಟ್ಟು ನೋಡಿದೆ. ಹೆಲ್ಮೆಟ್ಟಿನೊಳಗೆ ನಕ್ಕದ್ದು ಯಾರಿಗೂ ಕಾಣಲಿಲ್ಲ.

ನೀನು ತಪ್ಪು ಹೇಳಿದೆ ಎಂದು ತೋರಿಸಲು ಬರೆಯುತ್ತಿಲ್ಲ. ಆದರೆ ತಪ್ಪು ಹೇಳಿದೆ. ಹಳೆಯ ತುಂಡೊಂದನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ, ಕೈಯಲ್ಲಿ ಹಿಡಿದು ನೋಡು.

ಶುಭಾ

ಚಿಕ್ಕೋಡಿ
9 ಸೆಪ್ಟೆಂಬರ್ 2024

ಶುಭಾ,

ಹೋದ ವಾರ ಹೇಳದೆ ಕೇಳದೆ ಅವ್ವನನ್ನು ಕರೆದುಕೊಂಡು ನಿನ್ನ ಬಾಗಿಲಿಗೆ ಬಂದು ನಿಂತೆ. ಅವ್ವ ಅತ್ತಳು, ನೀನು ಅನ್ನಕ್ಕಿಟ್ಟೆ. ನಾನು ಅಂಗಳಕ್ಕೆ ಹೋಗಿ ಗಾಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಗಾಲಿ ಹಿಡಿದು ಅಲುಗಿಸಿದೆ, ಕಲ್ಲಿನ ಹಾಗೆ ಕೂತಿತ್ತು. ಬಿಗಿ ಮಾಡಿದ ನಟ್ಟುಗಳ ಮೇಲೆಲ್ಲ, ಸಡಿಲಾದರೆ ತಿಳಿಯಲೆಂದು, ನೀನು ಬಿಳಿ ಬಣ್ಣದ ಗೆರೆ ಎಳೆದಿದ್ದೆ. ನಾನು ಅದನ್ನು ಎಂದೂ ಮಾಡಿದವನಲ್ಲ, ಫೌಂಡ್ರಿಯಲ್ಲಿ ಕಲಿತಿರಬೇಕು.

ಆಮೇಲೆ ನೀನು ನನ್ನನ್ನು ಹಿಂದೆ ಕೂಡಿಸಿಕೊಂಡು ರಂಕಾಳಾ ಕೆರೆಯವರೆಗೆ ಹೋದೆ. ಮೂವತ್ತೆರಡು ವರ್ಷದಲ್ಲಿ ನಾನು ಹಿಂದೆ ಕೂತದ್ದು ಬಹಳ ಕಡಿಮೆ. ನೀನು ಬ್ರೇಕನ್ನು ಕೊನೆಗೆ ಒತ್ತುವವಳಲ್ಲ, ದೂರದಿಂದಲೇ ತಗ್ಗಿಸಿಕೊಂಡು ಬರುತ್ತೀ. ರಿಕ್ಷಾದವನು ಅಡ್ಡ ಬಂದಾಗಲೂ ನನ್ನ ಎದೆ ನಿನ್ನ ಬೆನ್ನಿಗೆ ತಾಗಲಿಲ್ಲ. ಗಾಡಿ ನಿನಗೆ ಸ್ವಲ್ಪ ಭಾರ, ಅದು ಸುಳ್ಳಲ್ಲ. ಆದರೆ ತಗೋ.

ಕೆರೆಯ ದಂಡೆಯಲ್ಲಿ ಹೇಳಬೇಕೆಂದು ಬಂದವನು ಹೇಳದೆ ತಿರುಗಿ ಬಂದೆ. ನಾನು ಹೇಳಿದರೂ ನಿನ್ನ ಉತ್ತರ ನನಗೆ ಕೇಳಿಸುತ್ತಿರಲಿಲ್ಲ ಎಂದು ನೆಪ ಮಾಡಿಕೊಂಡೆ.

ಭರಮುನ ಗಾಡಿಗೆ ನೀನು ಮಾಡಿದ ಕೆಲಸ ಸರಿಯಿತ್ತು. ಅವನು ಬರುವ ಮೊದಲೇ ನಾನು ಚಾಲೂ ಮಾಡಿ ನೋಡಿದ್ದೆ. ಕ್ಲಚ್ಚು ಬೆಣ್ಣೆಯಂತೆ ಬಂತು. ಆದರೆ ಎಂಜಿನ್ನಿನ ಸದ್ದು ಬೇರೆ ಯಾವುದೋ ಓಣಿಯಿಂದ ಬಂದಂತೆ ಕೇಳಿಸಿತು. ಕಿವಿ ಹೋಗುತ್ತಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಅದೇ ವಾರ ಒಬ್ಬ ಗಿರಾಕಿ ನನ್ನನ್ನು ಬಿಟ್ಟು ನಿನ್ನನ್ನು ಕೇಳಿದ್ದ, ಏನು ಸಪ್ಪಳ ಇದು ಎಂದು. ನೀನು ಕೇಳಿ ಹೇಳಿದೆ, ಸರಿಯಾಗಿ ಹೇಳಿದೆ. ನೀನು ಅಲ್ಲಿ ಇದ್ದರೆ ನನಗೆ ಕೇಳಿಸುವುದಿಲ್ಲ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಭರಮು ಹುಡುಗಿ ಎಂದು ನಕ್ಕ. ನಾನು ಆ ಮಾತಿನ ಹಿಂದೆ ಅಡಗಿಕೊಂಡೆ. ನೀನು ಹುಡುಗಿ ಎಂದಲ್ಲ, ನೀನು ನನಗಿಂತ ಚೆನ್ನಾಗಿ ಕೇಳುತ್ತಿದ್ದೆ ಎಂದು ನಿನ್ನನ್ನು ಒಳಗೆ ಕಳಿಸಿದೆ.

ಲಖನ ಬಿಚ್ಚಿ, ಏನೂ ಬದಲಿಸದೆ ಹಾಗೆಯೇ ಜೋಡಿಸಿದ. ಭರಮು ನಿನ್ನ ಕೆಲಸದ ಮೇಲೆಯೇ ಊರಿಗೆ ಹೋದ.

ಅಪ್ಪ

ಕೊಲ್ಲಾಪುರ
22 ಸೆಪ್ಟೆಂಬರ್ 2024

ಅಪ್ಪಾ,

ಗಾಡಿ ನನ್ನ ಹೆಸರಿಗೆ ಆಯಿತು. ಸುರಜ ನಾಶಿಕದಿಂದ ಬಂದು ಕಾಗದಕ್ಕೆ ಸಹಿ ಹಾಕುವಾಗ, ಎರಡು ವರ್ಷ ಆ ಸದ್ದು ಗಾಡಿಯ ಸ್ವಭಾವವೆಂದೇ ತಿಳಿದಿದ್ದೆ ಎಂದು ನಕ್ಕ. ವಿಭಾಗದ ಇನ್ನಿಬ್ಬರು ಹುಡುಗಿಯರು ಇಂಥದ್ದೇ ತಗೋಬಹುದೇ ಎಂದು ಕೇಳಿದರು. ಹೌದು ಎಂದು ಹೇಳಲಿಲ್ಲ. ಸೊಂಟ ನೋಯುವವರಿಗೆ, ಓಣಿಯಲ್ಲಿ ಜಾಗವಿಲ್ಲದವರಿಗೆ, ಬೇಗ ತಲುಪುವುದಷ್ಟೇ ಬೇಕಾದವರಿಗೆ ಇದು ಬೇಡ. ಒಂದು ತಿಂಗಳು ಓಡಿಸಿ ನೋಡಿರಿ ಎಂದೆ.

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಡಬ್ಬಿ ತೆರೆಯಲಿಲ್ಲ. ನಾಲ್ಕು ವರ್ಷ ನಾನು ಆ ಕ್ಲಚ್ಚನ್ನು ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿದ್ದೇನೆ, ಎಲ್ಲಿ ತಪ್ಪಿರಬಹುದು ಎಂದು. ಒಂದು ವಾಷರ್ ಮರೆತೆನೇನೋ ಎಂದು ಎಷ್ಟು ಸಲ ಅನಿಸಿದೆಯೋ ಲೆಕ್ಕವಿಲ್ಲ.

ನೀನು ಬರೆದದ್ದು ನನಗೆ ಸಮಾಧಾನ ತಂದಿತು. ಆದರೆ ನನಗೆ ಬರೆದರೆ ಸಾಲದು. ನನ್ನನ್ನು ಐದಾರು ಜನರ ಮುಂದೆ ಒಳಗೆ ಕಳಿಸಿದ್ದೆ. ಭರಮು ಕಾಕಾನಿಗೆ ಅಷ್ಟೇ ಜನರ ಮುಂದೆ ಹೇಳು. ಕಿವಿಯ ವಿಷಯವನ್ನೂ ಹೇಳು. ಅಲ್ಲಿಯವರೆಗೆ ನಾನು ಚಿಕ್ಕೋಡಿಗೆ ಬರುವುದಿಲ್ಲ. ಇದನ್ನು ಸಿಟ್ಟಿನಲ್ಲಿ ಬರೆದೆನೆಂದು ತಿಳಿಯಬೇಡ, ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ.

ಕಿವಿಯ ಡಾಕ್ಟರಿಗೆ ತೋರಿಸುವುದು ಬೇರೆ ಮಾತು. ಅದನ್ನು ಹೇಗಿದ್ದರೂ ಮಾಡಿಸಲೇಬೇಕು.

ಶುಭಾ

ಚಿಕ್ಕೋಡಿ
6 ಅಕ್ಟೋಬರ್ 2024

ಶುಭಾ,

ನಿನ್ನ ಪತ್ರ ಬಂದ ಮೇಲಿನ ಮೊದಲ ಸಂತೆಯ ದಿನ ಭರಮು ಬಂದಿದ್ದ, ನನಗೆ ಧೈರ್ಯ ಬರಲಿಲ್ಲ. ಆಯಿಲ್ ಬದಲಿಸಿ ಕಳಿಸಿದೆ. ಆ ದಿನ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ್ದರೂ ಅಷ್ಟಕ್ಕಷ್ಟೇ ಎಂದು ನೀನು ಅನ್ನಬಹುದು, ಆದರೆ ಅವಳು ಮಾತಾಡದಿರುವುದು ನನಗೆ ಚೆನ್ನಾಗಿ ತಿಳಿಯುತ್ತದೆ.

ಮೊನ್ನೆ ಮತ್ತೆ ಬಂದ. ಚಹಾದ ಅಂಗಡಿಯ ಬಾಳೇಶ ಕಪ್ಪು ಒಯ್ಯಲು ಬಂದಿದ್ದ. ಬಿಡಿಭಾಗದ ಅಂಗಡಿಯ ಧನಪಾಲ ಇದ್ದ, ಮೂವರು ಗಿರಾಕಿಗಳಿದ್ದರು. ನಾನು ಪಾನಾ ಕೆಳಗಿಟ್ಟು ಎದ್ದು ನಿಂತೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸುವುದಿಲ್ಲ, ಬಹುಶಃ ಒದರಿದೆನೇನೋ, ರಸ್ತೆಯಲ್ಲಿ ಹೋಗುವವರೂ ನಿಂತರು.

"ಭರಮು, ನಾಲ್ಕ ವರ್ಷದ ಹಿಂದ ನಿನ್ನ ಕ್ಲಚ್ ಮಾಡಿದಾಕಿ ನನ್ನ ಮಗಳು. ಅದರಾಗ ಒಂದ ತಪ್ಪೂ ಇರಲಿಲ್ಲ. ನನಗ ಕಿವಿ ಕೇಳಸಂಗಿಲ್ಲ. ಅದನ್ನ ಮುಚ್ಚಾಕ ನಾ ಆಕಿನ್ನ ಒಳಗ ಕಳಿಸಿದೆ" ಎಂದೆ.

ಯಾರೂ ನಗಲಿಲ್ಲ. ಭರಮುನ ತುಟಿ ಅಲುಗಾಡಿತು. ನನಗೆ ತಿಳಿಯಲಿಲ್ಲ. ಧನಪಾಲನ ಕಡೆ ನೋಡಿದೆ. ಅವನು ಜೇಬಿನ ಬಿಲ್ ಪುಸ್ತಕ ತೆಗೆದು ಭರಮು ಹೇಳಿದ್ದನ್ನು ಬರೆದು ನನ್ನ ಮುಂದೆ ಹಿಡಿದ. "ಅವತ್ತಿಂದ ಆ ಕ್ಲಚ್ಚಿಗೆ ಯಾರೂ ಕೈ ಹಚ್ಚಿಲ್ಲ. ಆ ದಿನ ನಾ ನಗಬಾರದಿತ್ತ. ಹುಡುಗಿ ಬಂದ ದಿನ ನನಗ ಹೇಳಿ ಕಳಸ, ನಾ ಆಕಿ ಮುಂದ ಹೇಳತೀನಿ." ನಾನು ಓದಿ ಮುಗಿಸುವವರೆಗೆ ಭರಮು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಬಾಳೇಶ ಎಲ್ಲರಿಗೂ ಮತ್ತೊಮ್ಮೆ ಚಹಾ ತಂದ.

ಈಗ ಗಿರಾಕಿಗಳು ಹತ್ತಿರ ಬಂದು ಗಟ್ಟಿಯಾಗಿ ಮಾತಾಡುತ್ತಾರೆ, ಕೆಲವರು ಬರೆದು ತೋರಿಸುತ್ತಾರೆ. ಯಾರೂ ಗಾಡಿ ಬೇರೆ ಕಡೆ ಒಯ್ಯಲಿಲ್ಲ. ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿದೆನೋ ಅದು ಒಂದು ಮುಂಜಾನೆಯಲ್ಲಿ ಮುಗಿದುಹೋಯಿತು. ಅಷ್ಟರಲ್ಲಿ ನಿನ್ನ ನಾಲ್ಕು ವರ್ಷ ಹೋದವು, ಅವನ್ನು ತಿರುಗಿ ಕೊಡುವುದು ನನ್ನ ಕೈಯಲ್ಲಿಲ್ಲ. ಮಂಗಳವಾರ ಅವ್ವನ ಜೊತೆ ಅಥಣಿಗೆ ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇನೆ.

ಬರುವುದು ಬಿಡುವುದು ನಿನಗೆ ಸೇರಿದ್ದು. ಇನ್ನೊಂದು ತಿಂಗಳಿಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ. ಅದಕ್ಕೆ ಮೊದಲು ಹೊರಟರೆ ನಿಪ್ಪಾಣಿಯಿಂದ ಇಲ್ಲಿಯವರೆಗೆ ದಾರಿ ಸಲೀಸು. ಅವ್ವ ನಿನ್ನೆ ಅಂಗಳದ ಮೂಲೆಯ ಕಟ್ಟಿಗೆಯನ್ನೆಲ್ಲ ಹಿತ್ತಲಿಗೆ ಹೊತ್ತಳು. ಯಾಕೆ ಎಂದು ಕೇಳಿದೆ. ಒಂದು ಮೋಟರಸೈಕಲ್ ನಿಲ್ಲುವಷ್ಟು ಜಾಗವನ್ನು ಕೈಯಿಂದ ಅಳೆದು ತೋರಿಸಿದಳು.

ನಿನ್ನ ಅಪ್ಪ,
ಜ್ಞಾನದೇವ